ಒಂದು ಗೋದಾಮು, ಐದು ಅಂಗಡಿ: ಯಾರಿಗೆ ಎಷ್ಟು ಸರಕು, ಯಾವಾಗ?

ಒಂದೇ ಅಂಗಡಿ ಇದ್ದಾಗ ಮಾಲೀಕರ ಕಣ್ಣೇ ಕಂಪ್ಯೂಟರ್. ರ‍್ಯಾಕಿನ ಮುಂದೆ ಒಂದು ಸುತ್ತು ಹಾಕಿದರೆ ಏನು ತರಿಸಬೇಕು ಎಂಬುದು ಗೊತ್ತಾಗುತ್ತದೆ. ಮೂರನೆಯ ಅಂಗಡಿ ತೆರೆದ ಮೇಲೆ ಈ ಕಣ್ಣಂದಾಜು ಕೈಕೊಡುತ್ತದೆ. ಗುಬ್ಬಿಯಲ್ಲಿ ಎಣ್ಣೆ ಧೂಳು ಹಿಡಿದು ಕೂತಿರುತ್ತದೆ, ಶಿರಾದಲ್ಲಿ ಗಿರಾಕಿ ಬರಿಗೈಯಲ್ಲಿ ವಾಪಸಾಗುತ್ತಾರೆ, ಕಂಪ್ಯೂಟರಿನ ಒಟ್ಟು ಲೆಕ್ಕದಲ್ಲಿ ಮಾತ್ರ ಎಣ್ಣೆ ಬೇಕಾದಷ್ಟಿದೆ. ಇದು ಖರೀದಿಯ ತಪ್ಪಲ್ಲ, ಹಂಚಿಕೆಯ ತಪ್ಪು.

ಈ ಲೇಖನಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. ತುಮಕೂರಿನಲ್ಲಿ ಗೋದಾಮು, ಅದೇ ಊರಿನಲ್ಲಿ ಎರಡು ದಿನಸಿ ಅಂಗಡಿ (ಒಂದು ಪೇಟೆಯಲ್ಲಿ, ಒಂದು ಬಡಾವಣೆಯಲ್ಲಿ), ಗುಬ್ಬಿ, ತಿಪಟೂರು, ಶಿರಾದಲ್ಲಿ ಒಂದೊಂದು. ತುಮಕೂರಿನ ಎರಡಕ್ಕೂ ದಿನಾ ಗಾಡಿ ಹೋಗುತ್ತದೆ. ಗುಬ್ಬಿ ತಿಪಟೂರಿನ ದಾರಿಯಲ್ಲೇ ಇರುವುದರಿಂದ ಎರಡಕ್ಕೂ ಒಂದೇ ಟೆಂಪೋ, ಮಂಗಳವಾರ ಮತ್ತು ಶುಕ್ರವಾರ. ಶಿರಾ ಬೇರೆ ಹೆದ್ದಾರಿ, ಬುಧವಾರ ಮತ್ತು ಶನಿವಾರ. ಹಿಂದಿನ ದಿನ ಮಧ್ಯಾಹ್ನಕ್ಕೆ ಇಂಡೆಂಟ್ (ಅಂಗಡಿಯವರು ಗೋದಾಮಿಗೆ ಕೊಡುವ ಬೇಡಿಕೆ ಪಟ್ಟಿ) ಮುಗಿಯುತ್ತದೆ, ಮರುದಿನ ಮಧ್ಯಾಹ್ನ ಸರಕು ಅಂಗಡಿ ಸೇರುತ್ತದೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಅಂಗಡಿಗಳ ಅಂಕಿ ಹಾಕಿದರೂ ವಿಧಾನ ಇದೇ.

ಮೊದಲು ದಾಸ್ತಾನಿನ ಲೆಕ್ಕ ಸರಿಯಾಗಲಿ

ಕಂಪ್ಯೂಟರ್ ತೋರಿಸುವ ಸ್ಟಾಕೂ ರ‍್ಯಾಕಿನಲ್ಲಿರುವ ಸ್ಟಾಕೂ ತಾಳೆಯಾಗದಿದ್ದರೆ ಮುಂದಿನ ಯಾವ ಸೂತ್ರವೂ ಉಪಯೋಗಕ್ಕೆ ಬಾರದು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಂಥ ಕಡೆ:

- ಸರಕು ಇಳಿಸಿಕೊಳ್ಳುವಾಗ ಪೆಟ್ಟಿಗೆಯನ್ನು ಪೀಸಾಗಿ ನಮೂದಿಸುವುದು. ಬಂದದ್ದು 10 ಪೌಚ್, ಏರಿದ್ದು 1.
- ಒಂದೇ ಬೆಲೆಯ ನಾಲ್ಕು ಬಗೆಯ ಸೋಪು ಬಂದಾಗ ಕ್ಯಾಷಿಯರ್ ಒಂದನ್ನೇ ನಾಲ್ಕು ಸಲ ಸ್ಕ್ಯಾನ್ ಮಾಡುವುದು. ಒಂದರ ಸ್ಟಾಕ್ ಮೈನಸ್‌ಗೆ ಇಳಿಯುತ್ತದೆ, ಉಳಿದ ಮೂರು ಇಲ್ಲದಿದ್ದರೂ ಇವೆ ಎಂದು ತೋರಿಸುತ್ತವೆ.
- 50 ಕೆಜಿ ಚೀಲ ಒಡೆದು 1 ಕೆಜಿ ಪ್ಯಾಕೆಟ್ ಮಾಡುವಾಗ ಕಸ, ಧೂಳು, ತೂಕದ ಕಡಿತವನ್ನು ಬರೆಯದಿರುವುದು.
- ಸ್ಕೀಮಿನಲ್ಲಿ ಬಂದ ಉಚಿತ ಪೀಸು, ಇಲಿ ಕಡಿದ ಪ್ಯಾಕೆಟ್, ಸೋರಿದ ಪೌಚ್ ಲೆಕ್ಕಕ್ಕೆ ಸೇರದಿರುವುದು.

ಇಡೀ ಅಂಗಡಿಯನ್ನು ವರ್ಷಕ್ಕೊಮ್ಮೆ ಮುಚ್ಚಿ ಎಣಿಸುವ ಬದಲು ದಿನಕ್ಕೆ 30 ಐಟಂ ಎಣಿಸಿ. ಎರಡು ಪಟ್ಟಿಗಳಿಂದ ಶುರು ಮಾಡಿ. ಮೊದಲನೆಯದು ಮೈನಸ್ ಸ್ಟಾಕ್ ತೋರಿಸುವ ಐಟಂಗಳು. ಎರಡನೆಯದು ಇದಕ್ಕಿಂತ ಅಪಾಯಕಾರಿ: ಸ್ಟಾಕ್ ಇದೆ ಎಂದು ತೋರಿಸುತ್ತದೆ, ದಿನಾ ಹೋಗುವ ಮಾಲು, ಆದರೆ ಮೂರು ದಿನದಿಂದ ಒಂದೂ ಬಿಲ್ ಆಗಿಲ್ಲ. ಹಾಗಿದ್ದರೆ ಹೋಗಿ ರ‍್ಯಾಕ್ ನೋಡಿ. ಮಾಲು ಇಲ್ಲವೇ ಇಲ್ಲ, ಇಲ್ಲವೇ ಮಹಡಿಯಲ್ಲಿ ಎಲ್ಲೋ ಪೆಟ್ಟಿಗೆಯಲ್ಲೇ ಇದೆ. ಸ್ಟಾಕ್ ಇದೆಯೆಂದು ಕಂಪ್ಯೂಟರ್ ನಂಬಿರುವವರೆಗೆ ಅದು ಮತ್ತೆ ತರಿಸುವುದಿಲ್ಲ. ಮೈನಸ್ ಆದರೂ ಕಣ್ಣಿಗೆ ಬೀಳುತ್ತದೆ, ಈ ಸುಳ್ಳು ಸ್ಟಾಕ್ ಯಾರ ಕಣ್ಣಿಗೂ ಬೀಳದು.

ದಾರಿಯಲ್ಲಿರುವ ಮಾಲಿನ ಕಥೆಯೂ ಇದೇ. ಗೋದಾಮಿನಿಂದ ಹೊರಟ ಸರಕನ್ನು ಅಂಗಡಿಯವರು ಅದೇ ದಿನ ಕಂಪ್ಯೂಟರಿನಲ್ಲಿ ಸ್ವೀಕರಿಸದಿದ್ದರೆ, ಆ ಪೆಟ್ಟಿಗೆಗಳು ಮಾರಾಟವಾಗಿ ಮುಗಿದ ಮೇಲೂ ಲೆಕ್ಕದಲ್ಲಿ ದಾರಿಯಲ್ಲೇ ಇರುತ್ತವೆ.

ಮಾರಿದ್ದೆಷ್ಟು ಬೇರೆ, ಬೇಡಿಕೆ ಎಷ್ಟು ಬೇರೆ

ತಿಪಟೂರಿನಲ್ಲಿ 1 ಲೀಟರ್ ಸೂರ್ಯಕಾಂತಿ ಎಣ್ಣೆಯ ಪೌಚ್ 28 ದಿನದಲ್ಲಿ 168 ಹೋಗಿದೆ. ದಿನಕ್ಕೆ 6 ಎಂದು ಬರೆದುಕೊಂಡರೆ ಮೊದಲ ಹೆಜ್ಜೆಯೇ ತಪ್ಪು. ಆ 28ರಲ್ಲಿ 7 ದಿನ ಎಣ್ಣೆಯೇ ಇರಲಿಲ್ಲ. ಇದ್ದದ್ದು 21 ದಿನ, ಹಾಗಾಗಿ ಬೇಡಿಕೆ ದಿನಕ್ಕೆ 8. ಆರರ ಲೆಕ್ಕದಲ್ಲಿ ತರಿಸಿದರೆ ಮುಂದಿನ ತಿಂಗಳು ಇನ್ನೂ ಹೆಚ್ಚು ದಿನ ಖಾಲಿ, ಮಾರಾಟ ಇನ್ನೂ ಕಡಿಮೆ, ಆಮೇಲಿನ ಆರ್ಡರ್ ಮತ್ತೂ ಕಡಿಮೆ. ಚೆನ್ನಾಗಿ ಓಡುತ್ತಿದ್ದ ಮಾಲನ್ನು “ಈ ಊರಿನಲ್ಲಿ ಓಡುವುದಿಲ್ಲ” ಎಂದು ಕೈಬಿಡುವುದು ಹೀಗೆಯೇ.

ಸರಾಸರಿಗೆ 30 ದಿನ ತೆಗೆದುಕೊಳ್ಳಬೇಡಿ, 28 ಅಥವಾ 56 ತೆಗೆದುಕೊಳ್ಳಿ. ಆಗ ಭಾನುವಾರಗಳೂ ಸಂತೆಯ ದಿನಗಳೂ ಪ್ರತಿ ಸಲ ಅಷ್ಟೇ ಇರುತ್ತವೆ. ಮದುವೆ ಮನೆಗೆ ಒಂದೇ ಬಿಲ್ಲಿನಲ್ಲಿ ಹೋದ 60 ಲೀಟರ್, ಹೋಟೆಲಿನವರು ತುರ್ತಿಗೆ ಒಯ್ದ 3 ಪೆಟ್ಟಿಗೆ ಇವನ್ನು ತೆಗೆದುಹಾಕಿ. ಬೆಲೆ ಕದಡಿದ ದಿನಗಳನ್ನೂ ಬಿಡಿ. 2025ರ ಸೆಪ್ಟೆಂಬರ್ 3ರಂದು ಹೊಸ ಜಿಎಸ್‌ಟಿ ದರ ಘೋಷಣೆಯಾಗಿ 22ರಂದು ಜಾರಿಗೆ ಬಂತು. ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಬೆಲೆ ಇಳಿಯುತ್ತದೆಂದು ಗೊತ್ತಿದ್ದಾಗ ಕೊಳ್ಳುವವರೂ ತರಿಸುವವರೂ ಕೈ ಬಿಗಿ ಹಿಡಿಯುತ್ತಾರೆ. ಈ ಐಟಂಗಳಿಗೆ ಆ ಸೆಪ್ಟೆಂಬರಿನ ಅಂಕಿಯನ್ನು ಮಾದರಿಯಾಗಿ ಬಳಸಬೇಡಿ.

ಎಲ್ಲ ಮಾಲಿಗೂ ಒಂದೇ ನಿಯಮ ಬೇಡ

ಮಾರಾಟದ ಮೊತ್ತದ ಪ್ರಕಾರ ಐಟಂಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ. ಒಟ್ಟು ಮಾರಾಟದ ಶೇ 70–80 ತರುವವು ಎ ಗುಂಪು, ನಂತರದ ಶೇ 15ರಷ್ಟು ಬಿ, ಉಳಿದದ್ದು ಸಿ. ಇದು ಎಲ್ಲರೂ ಮಾಡುವ ಕೆಲಸ. ಇದರ ಪಕ್ಕದಲ್ಲಿ ಕೈಬರಹದ ಇನ್ನೊಂದು ಪಟ್ಟಿ ಇರಲಿ: ಉಪ್ಪು, ಬೆಂಕಿಪೊಟ್ಟಣ, ಸಾಸಿವೆ, ಅರಿಶಿನ, ಊದುಬತ್ತಿ. ಮೊತ್ತ ನೋಡಿದರೆ ಇವು ಸಿ ಗುಂಪಿಗೇ ಬೀಳುತ್ತವೆ. ಆದರೆ ಉಪ್ಪಿಲ್ಲದ ಅಂಗಡಿಯಲ್ಲಿ ತಿಂಗಳ ದಿನಸಿ ಕೊಳ್ಳಲು ಯಾರೂ ನಿಲ್ಲುವುದಿಲ್ಲ. ಈ ‘ತಪ್ಪಬಾರದ ಪಟ್ಟಿ’ಗೆ ಎ ಗುಂಪಿನ ನಿಯಮವನ್ನೇ ಹಾಕಿ. ಹಾಲು, ಬ್ರೆಡ್, ತರಕಾರಿ, ಐಸ್‌ಕ್ರೀಮ್ ಸಾಮಾನ್ಯವಾಗಿ ನೇರ ಅಂಗಡಿಗೇ ಬರುತ್ತವೆ, ಅವನ್ನು ಈ ಲೆಕ್ಕಕ್ಕೆ ತರಬೇಡಿ.

ಅಂಗಡಿಗೆ ಎಷ್ಟು ಬೇಕು

ಇಂದು ಇಂಡೆಂಟ್ ಹಾಕಿದರೆ ಆ ಸರಕು ಎಲ್ಲಿಯವರೆಗೆ ಬಾಳಿಕೆ ಬರಬೇಕು? ನಾಳೆಯ ಗಾಡಿಯವರೆಗೆ ಅಲ್ಲ, ಅದರ ನಂತರದ ಗಾಡಿಯವರೆಗೆ. ತಿಪಟೂರಿನವರು ಗುರುವಾರ ಮಧ್ಯಾಹ್ನ ಹಾಕಿದ ಇಂಡೆಂಟ್ ಶುಕ್ರವಾರ ಬರುತ್ತದೆ, ಮುಂದಿನ ಗಾಡಿ ಮಂಗಳವಾರ ಮಧ್ಯಾಹ್ನ. ಅಂದರೆ 5 ದಿನ. ಸೋಮವಾರ ಹಾಕಿದ್ದು ಶುಕ್ರವಾರದವರೆಗೆ, 4 ದಿನ.

ದಿನಕ್ಕೆ 8ರಂತೆ 5 ದಿನಕ್ಕೆ 40. ಬೇಡಿಕೆ ಏರಿದರೆ ಎಂದು ಸ್ವಲ್ಪ ಕೈಕಾಪು ಬೇಕು, ಅದೇ ಸೇಫ್ಟಿ ಸ್ಟಾಕ್. ಮಾಲು ಇದ್ದ ದಿನಗಳ ಮಾರಾಟವನ್ನು ಎಕ್ಸೆಲ್‌ನಲ್ಲಿ ಸಾಲಾಗಿ ಹಾಕಿ, ಎಸ್‌ಟಿಡಿಇವಿ (STDEV) ಸೂತ್ರ ಕೊಟ್ಟರೆ ದಿನದಿಂದ ದಿನಕ್ಕೆ ಮಾರಾಟ ಎಷ್ಟು ಏರಿಳಿಯುತ್ತದೆ ಎಂಬ ಸಂಖ್ಯೆ ಸಿಗುತ್ತದೆ. ಇಲ್ಲಿ 4 ಎನ್ನೋಣ. ಅದನ್ನು ದಿನಗಳ ವರ್ಗಮೂಲದಿಂದ (5 ದಿನಕ್ಕೆ 2.24) ಮತ್ತು 1.65ರಿಂದ ಗುಣಿಸಿ:

1.65 × 4 × 2.24 = ಸುಮಾರು 15.

ಗುರಿ ಮಟ್ಟ 40 + 15 = 55. ಅಂಗಡಿಯಲ್ಲಿ 17 ಇದೆ, ದಾರಿಯಲ್ಲಿ 10 ಇದೆ, ಒಟ್ಟು 27. ಬೇಕಾದದ್ದು 28. ಪೆಟ್ಟಿಗೆಗೆ 10 ಪೌಚ್ ಆದ್ದರಿಂದ 3 ಪೆಟ್ಟಿಗೆ.

1.65 ಎಂದರೆ ಶೇ 95ರ ಭರವಸೆ: ನೂರು ಸಲ ಗಾಡಿ ಬಂದರೆ ಸುಮಾರು ಐದು ಸಲ ಅದಕ್ಕೆ ಮುಂಚೆಯೇ ಖಾಲಿಯಾಗಬಹುದು. ಶೇ 99 ಬೇಕಾದರೆ 2.33, ಆಗ 15 ಇದ್ದದ್ದು 21 ಆಗುತ್ತದೆ. ಕೊನೆಯ ನಾಲ್ಕು ಶೇಕಡಾಕ್ಕೆ ಇನ್ನೂ ಆರು ಪೌಚ್ ಸುಮ್ಮನೆ ಕೂರಬೇಕು. ಉಪ್ಪಿಗೆ ಅದು ಸರಿ, ದುಬಾರಿ ತುಪ್ಪಕ್ಕೆ ದಂಡ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಕಡೆ ಇದೇ ಕೈತಪ್ಪುವುದು. ದಿನಕ್ಕೆ 8 ಎಂಬುದು ಸರಾಸರಿ. ಶನಿವಾರ, ಭಾನುವಾರ 12ರಂತೆ ಹೋಗುತ್ತದೆ, ಉಳಿದ ದಿನ 6.4. ಗುರುವಾರದ ಇಂಡೆಂಟಿನ ಅವಧಿಯಲ್ಲಿ ಎರಡೂ ದೊಡ್ಡ ದಿನಗಳು ಬೀಳುತ್ತವೆ, ಬೇಡಿಕೆ 43. ಸೋಮವಾರದ ಅವಧಿಯಲ್ಲಿ ಒಂದೂ ಬೀಳುವುದಿಲ್ಲ, ಬೇಡಿಕೆ 26. ಕಾಪನ್ನೂ ಸೇರಿಸಿದರೆ (5 ದಿನಕ್ಕೆ 15, 4 ದಿನಕ್ಕೆ 13) ಗುರುವಾರದ ಗುರಿ 58, ಸೋಮವಾರದ ಗುರಿ 39. ಬಹುತೇಕ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒಂದು ಐಟಂಗೆ ಒಂದೇ ಕನಿಷ್ಠ-ಗರಿಷ್ಠ (ಸ್ಟಾಕ್ ಕನಿಷ್ಠಕ್ಕೆ ಇಳಿದಾಗ ಗರಿಷ್ಠದವರೆಗೆ ತರಿಸುವ ಮಟ್ಟ) ಇಡಲು ಬರುತ್ತದೆ. ಹಾಗಿದ್ದರೆ ಎ ಗುಂಪಿಗಾದರೂ ಎರಡು ಕಾಲಂ ಮಾಡಿ ಎಕ್ಸೆಲ್‌ನಲ್ಲೇ ಲೆಕ್ಕ ಹಾಕಿಕೊಳ್ಳಿ.

ಅಪರೂಪಕ್ಕೆ ಹೋಗುವ ಮಾಲಿಗೆ ಈ ಸೂತ್ರ ಹೊಂದುವುದಿಲ್ಲ. ತಿಂಗಳಿಗೆ 3 ಹೋಗುವ ಶಾಂಪೂ ಬಾಟಲಿಗೆ ಕನಿಷ್ಠ 2, ಗರಿಷ್ಠ 5 ಎಂದು ಇಟ್ಟುಬಿಡಿ. ಅದರ ಪೆಟ್ಟಿಗೆಯಲ್ಲಿ 48 ಇದ್ದರೆ ಗೋದಾಮಿನಲ್ಲೇ ಒಡೆದು ಬಿಡಿಯಾಗಿ ಕಳಿಸಿ. ಇಡೀ ಪೆಟ್ಟಿಗೆ ಕಳಿಸಿದರೆ ಆ ಅಂಗಡಿಗೆ 16 ತಿಂಗಳ ಸ್ಟಾಕ್. ಬಿಡಿ ಎಣಿಸಲು ಗೋದಾಮಿನ ಹುಡುಗರಿಗೆ ಬೇಸರ, ನಿಜ. ಅದಕ್ಕೆ ಬಿಡಿ ಮಾಲಿನ ಇಂಡೆಂಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಿ.

ಪೆಟ್ಟಿಗೆಗೆ ಸರಿಹೊಂದಿಸುವ ನಿಯಮವೂ ಬರಹದಲ್ಲಿರಲಿ. ಅರ್ಧ ಪೆಟ್ಟಿಗೆಗಿಂತ ಕಡಿಮೆ ಬಾಕಿಯಾದರೆ ಕೈಬಿಡಿ, ಹೆಚ್ಚಾದರೆ ಇಡೀ ಪೆಟ್ಟಿಗೆ. ತಪ್ಪಬಾರದ ಪಟ್ಟಿಯಲ್ಲಿ ಯಾವಾಗಲೂ ಮೇಲಕ್ಕೆ. ಇದಿಲ್ಲದಿದ್ದರೆ ಒಬ್ಬರು ಕೆಳಕ್ಕೆ, ಇನ್ನೊಬ್ಬರು ಮೇಲಕ್ಕೆ ಎಳೆಯುತ್ತಾರೆ.

ಗೋದಾಮು ಕಂಪನಿಯಿಂದ ತರಿಸುವಾಗ

ಗೋದಾಮಿನವರು ಅಂಗಡಿಗಳ ಇಂಡೆಂಟ್ ಕೂಡಿಸಿ ಆರ್ಡರ್ ಹಾಕಬಾರದು. ಗಿರಾಕಿಗಳ ಬಿಲ್ಲನ್ನು ಕೂಡಿಸಿ ಹಾಕಬೇಕು. ಅಂಗಡಿಯವರು ಭಯಕ್ಕೆ ಒಂದಿಷ್ಟು ಸೇರಿಸುತ್ತಾರೆ, ಅದರ ಮೇಲೆ ಗೋದಾಮಿನವರು ಇನ್ನಷ್ಟು ಸೇರಿಸುತ್ತಾರೆ. ಕೌಂಟರಿನಲ್ಲಿ ಹತ್ತು ಪೌಚ್ ಹೆಚ್ಚು ಹೋದದ್ದು ಕಂಪನಿಯನ್ನು ಮುಟ್ಟುವಾಗ ಹತ್ತು ಪೆಟ್ಟಿಗೆಯಾಗಿರುತ್ತದೆ. ಅಮೆರಿಕದ ಎಂಐಟಿ ಪ್ರಾಧ್ಯಾಪಕ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ಲೆಕ್ಕ ಸಮೇತ ತೋರಿಸಿದ್ದರು. ಗೋದಾಮಿನ ಸ್ಟಾಕ್, ಐದೂ ಅಂಗಡಿಗಳ ಸ್ಟಾಕ್, ದಾರಿಯಲ್ಲಿರುವುದು, ಕಂಪನಿಯಿಂದ ಬರಬೇಕಾದದ್ದು ಇವೆಲ್ಲ ಒಂದೇ ಕೊಳದ ನೀರು ಎಂದುಕೊಂಡು, ಐದೂ ಅಂಗಡಿಗಳ ಒಟ್ಟು ದಿನದ ಬೇಡಿಕೆಯ ಎದುರು ಅಳೆಯಿರಿ.

ತಿಂಗಳ ಕೊನೆಗೆ ಡಿಸ್ಟ್ರಿಬ್ಯೂಟರ್ ಹುಡುಗ ಟಾರ್ಗೆಟ್ ಮುಗಿಸಲು ಬರುತ್ತಾನೆ: “ಇನ್ನೊಂದು ಲಕ್ಷದ ಮಾಲು ತಗೊಳ್ಳಿ ಸಾರ್, ಶೇ 2 ಹೆಚ್ಚು ಬಿಡ್ತೀವಿ.” ಉಳಿತಾಯ 2,000 ರೂಪಾಯಿ. ಆ ಹೆಚ್ಚಿನ ಮಾಲು ಕರಗಲು 4 ತಿಂಗಳು ಬೇಕಾದರೆ ಹಣ ಸರಾಸರಿ 2 ತಿಂಗಳು ಸಿಕ್ಕಿಬಿದ್ದಂತೆ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಅದಕ್ಕೆ 2,000. ಅಲ್ಲಿಗಲ್ಲಿಗೆ ಸರಿಹೋಯಿತು, ಜಾಗ, ಹಮಾಲಿ, ಎಕ್ಸ್‌ಪೈರಿ ನಿಮ್ಮ ಕೈಯಿಂದ.

ಮಾಲು ಸಾಲದಾಗ ಹಂಚುವುದು

ಎಲ್ಲರಿಗೂ ಸಾಕಾಗುವಷ್ಟಿದ್ದರೆ ಹಂಚಿಕೆ ಒಂದು ಕೆಲಸವೇ ಅಲ್ಲ. ಸಾಲದಾಗ ಕೇಳಿದಷ್ಟು ಕೊಡುವುದು, ಸಮಪಾಲು ಮಾಡುವುದು, ಮೊದಲು ಕೇಳಿದವರಿಗೆ ಕೊಡುವುದು ಮೂರೂ ತಪ್ಪು. ಕೇಳಿದ್ದರ ಪ್ರಮಾಣದಲ್ಲಿ ಹಂಚಿದರಂತೂ ಮುಂದಿನ ಸಲ ಐದು ಬೇಕಾದವರು ಹತ್ತು ಕೇಳುತ್ತಾರೆ, ಅವರನ್ನು ದೂರುವ ಹಾಗಿಲ್ಲ. ಹಂಚಬೇಕಾದದ್ದು ಪೆಟ್ಟಿಗೆಗಳನ್ನಲ್ಲ, ದಿನಗಳನ್ನು.

ಗುರುವಾರ ಮಧ್ಯಾಹ್ನ. ಗೋದಾಮಿನಲ್ಲಿ ಎಣ್ಣೆ 100 ಪೌಚ್, ಅಂದರೆ 10 ಪೆಟ್ಟಿಗೆ. ಕಂಪನಿಯ ಲೋಡ್ ಬರುವುದು ಸೋಮವಾರ ಸಂಜೆ. ಆ ಹೊಸ ಮಾಲು ತುಮಕೂರಿನ ಎರಡು ಅಂಗಡಿ, ಗುಬ್ಬಿ, ತಿಪಟೂರಿಗೆ ಮುಟ್ಟುವುದು ಮಂಗಳವಾರ (5 ದಿನ), ಶಿರಾಕ್ಕೆ ಬುಧವಾರ (6 ದಿನ). ಲೆಕ್ಕ ಸರಳವಾಗಿರಲೆಂದು ಇಲ್ಲಿ ಸರಾಸರಿ ಮಾರಾಟವನ್ನೇ ಹಿಡಿದಿದ್ದೇವೆ.

- ಪೇಟೆ: ದಿನಕ್ಕೆ 20, ಬೇಕು 100, ಇದೆ 50
- ಬಡಾವಣೆ: ದಿನಕ್ಕೆ 12, ಬೇಕು 60, ಇದೆ 24
- ತಿಪಟೂರು: ದಿನಕ್ಕೆ 8, ಬೇಕು 40, ಇದೆ 27
- ಗುಬ್ಬಿ: ದಿನಕ್ಕೆ 5, ಬೇಕು 25, ಇದೆ 24
- ಶಿರಾ: ದಿನಕ್ಕೆ 10, ಬೇಕು 60, ಇದೆ 30

ಒಟ್ಟು ಬೇಕು 285. ಅಂಗಡಿಗಳಲ್ಲಿ 155, ಗೋದಾಮಿನಲ್ಲಿ 100, ಸೇರಿ 255. 30 ಕೊರತೆ. 255ನ್ನು 285ರಿಂದ ಭಾಗಿಸಿದರೆ 0.895, ಅಂದರೆ ಪ್ರತಿಯೊಬ್ಬರ ಅಗತ್ಯದ ಶೇ 89.5 ತುಂಬಬಹುದು. ಪೇಟೆಗೆ 89.5 ಆಗಬೇಕು, ಇರುವ 50 ಕಳೆದರೆ 39.5, ಅಂದರೆ 4 ಪೆಟ್ಟಿಗೆ. ಹೀಗೆಯೇ ಬಡಾವಣೆಗೆ 3, ತಿಪಟೂರಿಗೆ 1, ಶಿರಾಕ್ಕೆ 2. ಗುಬ್ಬಿಯಲ್ಲಿ ಪಾಲಿಗಿಂತ ಎರಡು ಹೆಚ್ಚೇ ಇದೆ, ಅದಕ್ಕೆ ಸೊನ್ನೆ. ಒಟ್ಟು 10 ಪೆಟ್ಟಿಗೆ.

ಇಲ್ಲಿಗೆ ಲೆಕ್ಕ ಮುಗಿಯಿತು, ಕಳಿಸುವ ವಿಚಾರ ಈಗ ಶುರು. ಲೆಕ್ಕ ಬಂತೆಂದು ಹತ್ತೂ ಪೆಟ್ಟಿಗೆಯನ್ನು ನಾಳೆಯೇ ಹೊರಡಿಸಬೇಡಿ. ತಿಪಟೂರಿಗೆ ಲೋಡ್‌ಗೆ ಮೊದಲು ಇರುವುದು ಶುಕ್ರವಾರದ ಗಾಡಿ ಒಂದೇ, ಅದರ ಒಂದು ಪೆಟ್ಟಿಗೆ ಹೋಗಲಿ. ಶಿರಾದ ಎರಡು ಶನಿವಾರಕ್ಕೆ. ಅವುಗಳ ಮೇಲೆ ಹೆಸರು ಬರೆದು ಪಕ್ಕಕ್ಕಿಡಿ, ಇಲ್ಲದಿದ್ದರೆ ಶುಕ್ರವಾರ ತುಮಕೂರಿನ ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ. ಪೇಟೆಯಲ್ಲಿ ಎರಡೂವರೆ ದಿನದ ಎಣ್ಣೆ ಇದೆ, ಬಡಾವಣೆಯಲ್ಲಿ ಎರಡು ದಿನದ್ದು, ಗಾಡಿ ದಿನಾ ಇದೆ. ಅವರ ಏಳು ಪೆಟ್ಟಿಗೆಯನ್ನು ಶುಕ್ರವಾರದಿಂದ ದಿನಕ್ಕೆ ಒಂದೆರಡರಂತೆ ಬಿಡಿ. ಶುಕ್ರವಾರ ಶಿರಾದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಹೋದರೆ, ಇನ್ನೂ ಗೋದಾಮಿನಲ್ಲಿರುವ ಈ ಪೆಟ್ಟಿಗೆಗಳಲ್ಲಿ ಒಂದನ್ನು ಶನಿವಾರದ ಗಾಡಿಗೆ ಹಾಕಬಹುದು. ಗೋದಾಮಿನಲ್ಲಿರುವ ಪೆಟ್ಟಿಗೆಗೆ ಐದು ದಾರಿ, ಅಂಗಡಿ ಸೇರಿದ ಪೆಟ್ಟಿಗೆಗೆ ಕೌಂಟರ್ ಒಂದೇ ದಾರಿ.

ದೂರದ, ಗಾಡಿ ಕಡಿಮೆ ಇರುವ ಅಂಗಡಿಗೆ ಮೊದಲು, ಹತ್ತಿರದವರಿಗೆ ಕೊನೆಗೆ. ನಡೆಯುವುದು ಮಾತ್ರ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು, ಏಕೆಂದರೆ ಹತ್ತಿರದವರು ಗೋದಾಮಿಗೆ ಬಂದು ನಿಂತು ಕೇಳುತ್ತಾರೆ.

ಹಬ್ಬ, ಜಾತ್ರೆ, ಹೊಸ ಮಾಲು

ಹಬ್ಬದ ಮಾರಾಟವನ್ನು ಕಳೆದ ವರ್ಷದ ಅದೇ ತಾರೀಕಿಗೆ ಹೋಲಿಸಿದರೆ ಅಧ್ವಾನ. ಗಣೇಶ ಚತುರ್ಥಿ 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಹದಿನೆಂಟು ದಿನದ ವ್ಯತ್ಯಾಸ, ಅದರ ಜೊತೆಗೆ ಒಂದು ಸಂಬಳಕ್ಕೆ ಮೊದಲು, ಇನ್ನೊಂದು ಸಂಬಳವಾದ ಮೇಲೆ. ಹಬ್ಬಕ್ಕೆ ಹಿಂದಿನ 10 ದಿನ, 9 ದಿನ, 8 ದಿನ ಎಂದು ಹಬ್ಬದಿಂದ ಹಿಂದಕ್ಕೆ ಎಣಿಸಿ ಹೋಲಿಸಿ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ ತುಮಕೂರಿನ ಅಂಗಡಿಗಳದ್ದು, ಚನ್ನಬಸವೇಶ್ವರ ಜಾತ್ರೆ ಗುಬ್ಬಿಯದ್ದು. ಒಂದೂರಿನ ಜಾತ್ರೆಗೆ ಐದೂ ಅಂಗಡಿಗಳ ಗುರಿ ಏರಿಸಬೇಡಿ.

ಸಂಕ್ರಾಂತಿಯ ಎಳ್ಳುಬೆಲ್ಲ, ಸಕ್ಕರೆ ಅಚ್ಚಿನಂಥ ಮಾಲು ಹಬ್ಬದ ಮರುದಿನ ಕಸ. ಅಂದಾಜಿನ ಶೇ 60 ಮಾತ್ರ ಮೊದಲ ಕಂತಿನಲ್ಲಿ ಕಳಿಸಿ, ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಯಾವ ಅಂಗಡಿಯಲ್ಲಿ ಕರಗುತ್ತಿದೆ ನೋಡಿ ಉಳಿದದ್ದನ್ನು ಹಂಚಿ. ಮಾರಾಟ ಚರಿತ್ರೆಯೇ ಇಲ್ಲದ ಹೊಸ ಐಟಂಗೂ ಇದೇ ಉಪಾಯ. ಮತ್ತೆ, ಹಬ್ಬಕ್ಕೆಂದು ಏರಿಸಿದ ಕನಿಷ್ಠ-ಗರಿಷ್ಠವನ್ನು ಇಳಿಸುವ ತಾರೀಕನ್ನು ಏರಿಸಿದ ದಿನವೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಇಳಿಸಬೇಕಾದದ್ದು ಹಬ್ಬದ ದಿನ ಅಲ್ಲ, ಹಬ್ಬಕ್ಕೆ ಮುಂಚಿನ ಕೊನೆಯ ಇಂಡೆಂಟಿಗೆ. ಇಲ್ಲದಿದ್ದರೆ ಹಬ್ಬದ ಮಾರಾಟದಿಂದ ಖಾಲಿಯಾದ ರ‍್ಯಾಕನ್ನು ಕಂಪ್ಯೂಟರ್ ಮತ್ತೆ ಹಬ್ಬದ ಮಟ್ಟಕ್ಕೇ ತುಂಬಿಸುತ್ತದೆ.

ಅಂಗಡಿಯಿಂದ ಅಂಗಡಿಗೆ

ಹೆಚ್ಚಾದ ಮಾಲನ್ನು ಬೇರೆ ಅಂಗಡಿಗೆ ಕಳಿಸುವುದು ಕೊನೆಯ ಉಪಾಯ. ಹೇಗೂ ಖಾಲಿ ವಾಪಸಾಗುವ ಟೆಂಪೋದಲ್ಲಿ ತಂದರೆ ಸರಿ, ಅದಕ್ಕಾಗಿಯೇ ಗಾಡಿ ಮಾಡಿದರೆ ನಷ್ಟ. ರಾಜ್ಯದೊಳಗೆ ಒಂದೇ ಜಿಎಸ್‌ಟಿ ನೋಂದಣಿಯ ಅಂಗಡಿಗಳ ನಡುವೆ ತೆರಿಗೆ ಇಲ್ಲ, ಆದರೆ ಮೂರು ಪ್ರತಿಯ ಡೆಲಿವರಿ ಚಲನ್ ಬೇಕು, ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ. ಗಡಿಯಾಚೆ ಹಿಂದೂಪುರದಲ್ಲಿ ಶಾಖೆ ಇದ್ದರೆ ಅದು ಬೇರೆ ರಾಜ್ಯ, ಬೇರೆ ನೋಂದಣಿ. ನಿಮ್ಮದೇ ಅಂಗಡಿಯಾದರೂ ತೆರಿಗೆ ಹಾಕಿದ ಇನ್‌ವಾಯ್ಸ್ ಆಗಬೇಕು.

ಎಕ್ಸ್‌ಪೈರಿ ವಿಷಯದಲ್ಲಿ ಮೊದಲು ಬಂದದ್ದಲ್ಲ, ಮೊದಲು ಮುಗಿಯುವುದು ಮೊದಲು ಹೋಗಬೇಕು. ಕಂಪನಿ ಕೆಲವೊಮ್ಮೆ ಹಳೆ ಬ್ಯಾಚನ್ನೇ ಆಮೇಲೆ ಕಳಿಸುತ್ತದೆ. ಅವಧಿ ಹತ್ತಿರವಾದ ಬಿಸ್ಕತ್ತನ್ನು ನಿಧಾನದ ಅಂಗಡಿಗೆ ತಳ್ಳಬೇಡಿ, ಅದು ಹೆಚ್ಚು ಓಡುವ ಪೇಟೆ ಅಂಗಡಿಗೇ ಹೋಗಲಿ. ಡಿಸ್ಟ್ರಿಬ್ಯೂಟರ್ ಅವಧಿಗೆ ಎಷ್ಟು ದಿನ ಮುಂಚೆ ಮಾಲು ವಾಪಸ್ ಪಡೆಯುತ್ತಾರೆ ಎಂಬುದನ್ನು ಕಂಪನಿವಾರು ಬರೆದು ಗೋದಾಮಿನ ಗೋಡೆಗೆ ಅಂಟಿಸಿ.

ವಾರಕ್ಕೊಮ್ಮೆ ನೋಡಬೇಕಾದದ್ದು

ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಎ ಗುಂಪು ಮತ್ತು ತಪ್ಪಬಾರದ ಪಟ್ಟಿಯಲ್ಲಿ ಕಳೆದ ವಾರ ಎಷ್ಟು ಐಟಂ ಎಷ್ಟು ದಿನ ಖಾಲಿಯಿತ್ತು. ಅದೇ ಹೊತ್ತಿಗೆ ಗೋದಾಮಿನಲ್ಲಿ ಅದಿತ್ತೇ. ಗೋದಾಮಿನಲ್ಲಿದ್ದೂ ಅಂಗಡಿಯಲ್ಲಿ ಖಾಲಿಯಾಗಿದ್ದರೆ ತಪ್ಪು ಗುರಿ ಮಟ್ಟದ್ದು ಅಥವಾ ಸುಳ್ಳು ಸ್ಟಾಕಿನದ್ದು, ಎರಡೂ ಕಡೆ ಇಲ್ಲದಿದ್ದರೆ ಖರೀದಿಯದ್ದು. 90 ದಿನದಿಂದ ಒಂದೂ ಹೋಗದ ಮಾಲು ಯಾವ ಅಂಗಡಿಯಲ್ಲಿದೆ ಎಂದೂ ನೋಡಿ.

ಕಂಪ್ಯೂಟರ್ ಕೊಟ್ಟ ಇಂಡೆಂಟನ್ನು ಅಂಗಡಿಯ ಮ್ಯಾನೇಜರ್ ಎಷ್ಟು ಸಾಲಿನಲ್ಲಿ ತಿದ್ದಿದ್ದಾರೆ ಎಂಬುದನ್ನೂ ಎಣಿಸಿ. ನೂರರಲ್ಲಿ ಐದಾರು ಇದ್ದರೆ ಅದು ಊರಿನ ತಿಳಿವಳಿಕೆ: ಮದುವೆ, ಊರಹಬ್ಬ, ಎದುರಿಗೆ ತೆರೆದ ಹೊಸ ಅಂಗಡಿ. ತಿದ್ದಲಿ. ಇಪ್ಪತ್ತು ದಾಟಿದರೆ ಮ್ಯಾನೇಜರನ್ನು ಗದರುವ ಮುಂಚೆ ಆ ಸಾಲುಗಳನ್ನು ಹಿಡಿದು ಅಂಗಡಿಗೆ ಹೋಗಿ, ರ‍್ಯಾಕಿನ ಎದುರು ಒಂದೊಂದಾಗಿ ಎಣಿಸಿ ನೋಡಿ.